ಕಡಲಾಳದ ಕಂಪನ ಮತ್ತು ನಮ್ಮ ಕರ್ಮಪತ್ರ



ನಮ್ಮ ಕರಾವಳಿಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ತಳದಲ್ಲಿ ಒಂದು ಪರ್ವತಶ್ರೇಣಿ ಇದೆ. ವಿಜ್ಞಾನಿಗಳು ಅದನ್ನು ಕಾರ್ಲ್ಸ್‌ಬರ್ಗ್ ಶ್ರೇಣಿ ಎನ್ನುತ್ತಾರೆ. ಜಗತ್ತಿನ ಸಾಗರಗಳ ತಳದಲ್ಲಿ ಸುಮಾರು 65,000 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಪರ್ವತಸಾಲಿನ ಒಂದು ಭಾಗ ಅದು. ಅಲ್ಲಿ ಭೂಮಿಯ ಹೊರಪದರದ ಎರಡು ಭಾರೀ ಫಲಕಗಳು ಪರಸ್ಪರ ದೂರ ಸರಿಯುತ್ತಿವೆ. ವರ್ಷಕ್ಕೆ ಎರಡು-ಮೂರು ಸೆಂಟಿಮೀಟರ್ ಮಾತ್ರ, ಹೆಚ್ಚುಕಡಿಮೆ ನಮ್ಮ ಉಗುರು ಬೆಳೆಯುವಷ್ಟು ನಿಧಾನ. ಆ ಬಿರುಕಿನಲ್ಲಿ ಶಿಲಾರಸ ಮೇಲೇರಿ, ತಣಿದು, ಹೊಸ ಕಲ್ಲಾಗುತ್ತದೆ. ಎಳೆತ ತಾಳಲಾರದೆ ಕಲ್ಲು ಒಮ್ಮೆಲೇ ಜಾರಿದಾಗ ಭೂಮಿ ಕಂಪಿಸುತ್ತದೆ.

ಇಂತಹ ಕಂಪನಗಳಲ್ಲಿ ಹೆಚ್ಚಿನವು ಸಣ್ಣವು ಅಥವಾ ಸಾಧಾರಣವಾದವು. 5ರ ಆಸುಪಾಸಿನ ಪ್ರಮಾಣದ ಕಂಪನ ನಡುಗಡಲಿನಲ್ಲಿ ಆದರೆ ಯಾರ ಮನೆಯ ಗೋಡೆಯೂ ಬಿರಿಯುವುದಿಲ್ಲ. ಸುನಾಮಿಯೂ ಏಳುವುದಿಲ್ಲ. 2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಒಂದು ಫಲಕದ ಕೆಳಗೆ ಇನ್ನೊಂದು ನುಗ್ಗುವ ಕಡೆ ಆದದ್ದು 9.1 ಪ್ರಮಾಣದ ಮಹಾಕಂಪನ. ಅದರ ಮಾತೇ ಬೇರೆ. ಆದರೆ 2003ರ ಜುಲೈ 15ರಂದು ಕಾರ್ಲ್ಸ್‌ಬರ್ಗ್ ಶ್ರೇಣಿಯಲ್ಲಿಯೇ 7.6 ಪ್ರಮಾಣದ ಭೂಕಂಪವಾಯಿತು. ನಮ್ಮಲ್ಲಿ ಎಷ್ಟು ಮಂದಿಗೆ ಅದರ ನೆನಪಿದೆ? ಅಷ್ಟು ದೊಡ್ಡದನ್ನೇ ನಾವು ಅರಿಯದಿದ್ದರೆ ಸಾಧಾರಣ ಕಂಪನವನ್ನು ಕೇಳುವವರು ಯಾರು?

ಕೇಳುವವರು ಇದ್ದಾರೆ. ನಮ್ಮ ರಾಜ್ಯದ ಗೌರಿಬಿದನೂರಿನಲ್ಲಿ 1960ರ ದಶಕದಲ್ಲಿ ಒಂದು ಭೂಕಂಪ ವೀಕ್ಷಣಾ ಕೇಂದ್ರ ಸ್ಥಾಪನೆಯಾಯಿತು. ಜಗತ್ತಿನ ಯಾವುದೋ ಮೂಲೆಯಲ್ಲಿ ನೆಲದೊಳಗೆ ನಡೆಯುವ ಅಣುಸ್ಫೋಟವನ್ನೂ ಪತ್ತೆಹಚ್ಚುವುದು ಅದರ ಕೆಲಸ. ಕಡಲಾಳದಲ್ಲಿ ಕಲ್ಲು ಜಾರಿದರೆ ಅದರ ಅಲೆಗಳು ಕೆಲವೇ ನಿಮಿಷಗಳಲ್ಲಿ ಇಂತಹ ಕೇಂದ್ರಗಳನ್ನು ತಲುಪುತ್ತವೆ. ನಾವು ನಿದ್ರಿಸುತ್ತಿದ್ದರೂ ಮಾಪಕದಲ್ಲಿ ಗೆರೆ ಮೂಡಿರುತ್ತದೆ. ಎಲ್ಲಿ, ಯಾವ ಗಳಿಗೆಯಲ್ಲಿ, ಎಷ್ಟು ಪ್ರಮಾಣದಲ್ಲಿ ಎಂಬುದೆಲ್ಲ ದಾಖಲಾಗಿರುತ್ತದೆ.

ಪವಿತ್ರ ಕುರ್‌ಆನ್ ಭೂಗರ್ಭಶಾಸ್ತ್ರ ಕಲಿಸಲು ಬಂದ ಗ್ರಂಥವಲ್ಲ, ಅದು ಮಾರ್ಗದರ್ಶನದ ಗ್ರಂಥ. ಆದರೂ ಲುಕ್ಮಾನ್‌ರು ತಮ್ಮ ಮಗನಿಗೆ ನೀಡಿದ ಉಪದೇಶವನ್ನು ಇಲ್ಲಿ ನೆನೆಯಬೇಕು. ಒಂದು ಕರ್ಮವು ಸಾಸಿವೆ ಕಾಳಿನಷ್ಟು ಕಿರಿದಾಗಿದ್ದು, ಬಂಡೆಯೊಳಗೆ ಅಡಗಿದ್ದರೂ ಅಲ್ಲಾಹನು ಅದನ್ನು ಹೊರತರುವನೆಂದು ಅವರು ಎಚ್ಚರಿಸಿದರು. ಮನುಷ್ಯ ನಿರ್ಮಿಸಿದ ಯಂತ್ರವೇ ಕಡಲಡಿಯ ಕಲ್ಲಿನ ಸದ್ದನ್ನು ಬಿಡದಿರುವಾಗ, ಆ ಕಲ್ಲನ್ನೂ ಕಡಲನ್ನೂ ಸೃಷ್ಟಿಸಿದವನ ಜ್ಞಾನದಿಂದ ನಮ್ಮ ಯಾವ ಕೆಲಸ ತಪ್ಪಿಸಿಕೊಂಡೀತು?

ಈಗ ನಮ್ಮ ಮನೆಗಳತ್ತ ನೋಡೋಣ. ತಂದೆ ತೀರಿಕೊಂಡ ಬಳಿಕ ಎಷ್ಟೋ ಮನೆಗಳಲ್ಲಿ ತಂಗಿಯ ಮುಂದೆ ಒಂದು ಕಾಗದ ಇಡಲಾಗುತ್ತದೆ. “ನಿನ್ನ ಮದುವೆಗೆ ಖರ್ಚು ಮಾಡಿದ್ದೇವಲ್ಲ, ಇಲ್ಲಿ ಒಂದು ಸಹಿ ಹಾಕು” ಎನ್ನುತ್ತಾರೆ ಅಣ್ಣಂದಿರು. ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯದಿಂದ ಆಕೆ ಸಹಿ ಹಾಕುತ್ತಾಳೆ. ಜಗಳವಿಲ್ಲ, ಜಮಾಅತಿಗೆ ದೂರಿಲ್ಲ, ನೆರೆಮನೆಗೆ ಸುದ್ದಿಯೂ ಇಲ್ಲ. ನಡುಗಡಲಿನ ಕಂಪನದಂತೆ ಎಲ್ಲವೂ ಸದ್ದಿಲ್ಲದೆ ಮುಗಿಯಿತು. ಆದರೆ ಅಲ್ಲಾಹನೇ ನಿಶ್ಚಯಿಸಿದ ಪಾಲನ್ನು ಕಿತ್ತುಕೊಂಡ ಗೆರೆ ಕರ್ಮಪತ್ರದಲ್ಲಿ ಮೂಡಲಿಲ್ಲವೇ? ಅಂಗಡಿಯ ತಕ್ಕಡಿಯಲ್ಲಿ ಕದ್ದ ನಾಲ್ಕು ಗ್ರಾಂ, ಬರಹವಿಲ್ಲದ ಸಾಲವನ್ನು ಮರೆತಂತೆ ನಟಿಸಿದ್ದು, ಇವುಗಳ ಗತಿಯೂ ಇದೇ.

ಇದು ಕೇವಲ ಭಯದ ಮಾತಲ್ಲ, ಭರವಸೆಯ ಮಾತೂ ಹೌದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ನೀವು ನೀಡಿದ ದಾನ, ಮನೆಮಂದಿ ಮಲಗಿರುವಾಗ ಸುರಿಸಿದ ಕಣ್ಣೀರು, ಮಾತು ಬೆಳೆಸದೆ ನುಂಗಿಕೊಂಡ ಕೋಪ, ಇವಾವುದೂ ವ್ಯರ್ಥವಾಗಿಲ್ಲ.

ಭೂಕಂಪಮಾಪಕದ ಗೆರೆಗೂ ಕರ್ಮಪತ್ರಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ಮೂಡಿದ ಗೆರೆ ಹಾಗೆಯೇ ಉಳಿಯುತ್ತದೆ. ಇಲ್ಲಿಯಾದರೋ ಪಶ್ಚಾತ್ತಾಪದ ಬಾಗಿಲು ತೆರೆದಿದೆ. ಆದರೆ ಮನುಷ್ಯರ ಹಕ್ಕನ್ನು ಕಸಿದವನಿಗೆ ಬರಿಯ ಕಣ್ಣೀರು ಸಾಲದು, ಅದನ್ನು ಹಿಂದಿರುಗಿಸಬೇಕು. ತಂಗಿಯ ಪಾಲು ನಿಮ್ಮಲ್ಲಿದ್ದರೆ ಈ ವಾರವೇ ಆಕೆಯ ಮನೆಗೆ ಹೋಗಿರಿ.

ಸೂರಃ ಝಿಲ್‌ಝಾಲ್‌ನಲ್ಲಿ ಕೇವಲ ಎಂಟು ವಚನಗಳಿವೆ. ಕೊನೆಯ ಕಂಪನದ ದಿನ ಭೂಮಿಯೇ ತನ್ನ ಮೇಲೆ ನಡೆದುದನ್ನು ಹೇಳಲಿದೆಯೆಂದೂ, ಅಣುವಿನಷ್ಟು ಒಳಿತನ್ನೂ ಕೆಡುಕನ್ನೂ ಮನುಷ್ಯ ಕಾಣಲಿರುವನೆಂದೂ ಅದು ತಿಳಿಸುತ್ತದೆ. ಇಂದು ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಅದನ್ನು ಅರ್ಥಸಹಿತ ಓದಿರಿ. ಭೂಮಿ ನಮ್ಮ ಬಗ್ಗೆ ಏನು ಹೇಳೀತು ಎಂದು ಒಂದು ಗಳಿಗೆ ಆಲೋಚಿಸಿರಿ. ಆ ದಿನ ಲಜ್ಜೆಪಡದವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.