ಕೀಮೋ ಆದ ರಾತ್ರಿ ಅಮ್ಮನಿಗೇಕೆ ನಿದ್ದೆ ಬರುವುದಿಲ್ಲ?

ಪ್ರಶ್ನೆ: ಅಮ್ಮನಿಗೆ 47 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಈಗ 21 ದಿನಕ್ಕೊಮ್ಮೆ ಕೀಮೋ ಕೊಡುತ್ತಿದ್ದಾರೆ. ಮೂರು ಮುಗಿದಿವೆ. ಕೀಮೋ ಮುಗಿಸಿಕೊಂಡು ಊರಿಗೆ ಬಂದ ಮೇಲೆ ಮೂರ್ನಾಲ್ಕು ರಾತ್ರಿ ಅವರು ಕಣ್ಣು ಮುಚ್ಚುವುದೇ ಇಲ್ಲ. ಎರಡು ಗಂಟೆಗೆ ಎದ್ದು ನೋಡಿದರೆ ಅಡುಗೆಮನೆ ಲೈಟ್ ಹಾಕಿಕೊಂಡು ಡಬ್ಬಿ ಒರೆಸುತ್ತಿರುತ್ತಾರೆ. ಆಮೇಲಿನ ದಿನಗಳಲ್ಲಿ ಹಗಲೆಲ್ಲ ಮಲಗುತ್ತಾರೆ, ರಾತ್ರಿ ಮತ್ತೆ ಎಚ್ಚರ. ಮೈಯೆಲ್ಲ ಬೆವತು ಎದ್ದು ಕೂರುತ್ತಾರೆ. ಎಲ್ಲ ಚಿಂತೆಯಿಂದ ಅನ್ನುತ್ತಾರೆ ದೊಡ್ಡಮ್ಮ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದುಕೊಡು ಅನ್ನುತ್ತಾರೆ ಮಾವ. ರೋಗ ಹರಡುತ್ತಿದೆ ಅನ್ನುವುದಕ್ಕೆ ಇದು ಲಕ್ಷಣವೇ?
— ಓದುಗರೊಬ್ಬರು, ಸಾಗರ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಅಲ್ಲ. ನಿದ್ದೆ ಬಾರದಿರುವುದು ರೋಗ ಹರಡಿದ ಲಕ್ಷಣವಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಸುಮಾರು ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಹಂತದಲ್ಲಿ ನಿದ್ದೆ ಕೆಡುತ್ತದೆ. ಆದರೂ ಡಾಕ್ಟರ ಮುಂದೆ ಕುಳಿತಾಗ ವಾಂತಿ, ಸುಸ್ತು, ಉದುರಿದ ಕೂದಲು ಎಲ್ಲದರ ಮಾತು ಬರುತ್ತದೆ, ನಿದ್ದೆಯದು ಬರುವುದಿಲ್ಲ. ‘ಇಂಥ ಕಾಯಿಲೆ ಬಂದಮೇಲೆ ನಿದ್ದೆ ಎಲ್ಲಿಂದ ಬರಬೇಕು’ ಎಂದು ನಾವೇ ತೀರ್ಮಾನಿಸಿಬಿಟ್ಟಿರುತ್ತೇವೆ. ಆ ತೀರ್ಮಾನವೇ ತಪ್ಪು. ಕೆಟ್ಟ ನಿದ್ದೆಗೆ ಬಹುಪಾಲು ಕಾರಣ ಸಿಗುತ್ತದೆ, ಎಷ್ಟೋ ಸಲ ಅದು ಮನೆಯ ಔಷಧಿ ಚೀಲದಲ್ಲೇ ಇರುತ್ತದೆ.

ಆ ಚೀಲ ತೆಗೆದು ಚೀಟಿ ನೋಡಿ. ಕೀಮೋ ಆದ ಮೇಲೆ ಎರಡು-ಮೂರು ದಿನ ತೆಗೆದುಕೊಳ್ಳಲು ಕೊಟ್ಟ ಮಾತ್ರೆಗಳಲ್ಲಿ ಡೆಕ್ಸಾಮೆಥಸೋನ್ ಇದೆಯೇ? ಅದರ ಮುಂದೆ 1-0-1 ಎಂದು ಬರೆದಿದೆಯೇ? ಹಾಗಿದ್ದರೆ ಅರ್ಧ ಉತ್ತರ ಅಲ್ಲೇ ಇದೆ. ಇದೊಂದು ಸ್ಟೀರಾಯ್ಡ್. ವಾಂತಿ ತಡೆಯಲು, ಕೆಲವು ಕೀಮೋ ಔಷಧಿಗಳಿಗೆ ಅಲರ್ಜಿ ಆಗದಂತೆ ನೋಡಿಕೊಳ್ಳಲು ಕೊಡುತ್ತಾರೆ. ಅದು ಬೇಕಾದ ಮಾತ್ರೆಯೇ. ಆದರೆ ಅದು ಮಾಡುವ ಇನ್ನೊಂದು ಕೆಲಸ ಗೊತ್ತಿರಬೇಕು. ನಮ್ಮ ದೇಹ ತಾನಾಗಿಯೇ ಕಾರ್ಟಿಸಾಲ್ ಎಂಬ ಇಂಥದೇ ರಸವನ್ನು ತಯಾರಿಸುತ್ತದೆ. ಬೆಳಗಿನ ಜಾವಕ್ಕೆ ಅದು ಏರಿ ನಮ್ಮನ್ನು ಎಬ್ಬಿಸುತ್ತದೆ, ನಡುರಾತ್ರಿಯ ಹೊತ್ತಿಗೆ ತೀರಾ ಇಳಿದಿರುತ್ತದೆ. 4 ಮಿಲಿಗ್ರಾಂ ಡೆಕ್ಸಾಮೆಥಸೋನ್‌ನ ಒಂದು ಮಾತ್ರೆ, ದೇಹ ಇಡೀ ದಿನ ತಯಾರಿಸುವ ಕಾರ್ಟಿಸಾಲ್‌ನ ಐದು ಪಟ್ಟಿಗೆ ಸಮ. 1-0-1ರ ಕೊನೆಯ ಒಂದನ್ನು ನಮ್ಮ ಮನೆಗಳಲ್ಲಿ ಊಟ ಆದಮೇಲೆ, ಅಂದರೆ ಒಂಬತ್ತೂವರೆಗೆ ನುಂಗಿಸುತ್ತೇವೆ. ದೇಹಕ್ಕೆ ಆಗ ನಡುರಾತ್ರಿಯಲ್ಲಿ ಬೆಳಗಾಗುತ್ತದೆ. ನಿಮ್ಮ ಅಮ್ಮ ಬರೀ ಚಿಂತೆಯಿಂದ ಎಚ್ಚರವಿದ್ದಿದ್ದರೆ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರೇನೋ. ಎರಡು ಗಂಟೆಗೆ ಡಬ್ಬಿ ಒರೆಸುವ ಹುರುಪು ಸ್ಟೀರಾಯ್ಡ್‌ನದು ಇರಬಹುದು.

ಹಾಗೆಂದು ಮಾತ್ರೆ ನಿಲ್ಲಿಸಬೇಡಿ. ಮುಂದಿನ ಕೀಮೋಗೆ ಹೋದಾಗ ಒಂದೇ ಒಂದು ಪ್ರಶ್ನೆ ಕೇಳಿ: ‘ಡಾಕ್ಟ್ರೇ, ರಾತ್ರಿಯ ಡೆಕ್ಸಾ ಮಾತ್ರೆಯನ್ನು ಮಧ್ಯಾಹ್ನಕ್ಕೆ ತರಬಹುದಾ?’ ಎಷ್ಟೋ ಜನರಿಗೆ 1-0-1 ಅನ್ನುವುದು 1-1-0 ಆಗುತ್ತದೆ, ಕೆಲವರಿಗೆ ಎರಡನ್ನೂ ಬೆಳಿಗ್ಗೆಯೇ ಕೊಡುತ್ತಾರೆ. ಈ ಔಷಧಿಯ ಪ್ರಭಾವ ಒಂದೂವರೆ ದಿನಕ್ಕೂ ಮೀರಿ ಉಳಿಯುವುದರಿಂದ ತೊಂದರೆ ಪೂರ್ತಿ ಹೋಗದಿರಬಹುದು, ಆದರೆ ಹಗುರಾಗುತ್ತದೆ. ಇನ್ನೊಂದು: ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. ಅಮ್ಮ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರೆ ಶುಗರ್ ನೋಡಿಸಿ.

ಇನ್ನು ಬೆವರಿನ ವಿಷಯ. ನಲವತ್ತೇಳರಲ್ಲಿ ಕೀಮೋ ಪಡೆದವರಿಗೆ ಮುಟ್ಟು ಒಮ್ಮೆಲೇ ನಿಲ್ಲುವುದುಂಟು. ವರ್ಷಗಟ್ಟಲೆ ನಿಧಾನವಾಗಿ ಆಗಬೇಕಾದದ್ದು ಎರಡು-ಮೂರು ತಿಂಗಳಲ್ಲಿ ಆಗಿಬಿಡುತ್ತದೆ. ಎದೆಯಿಂದ ಮುಖದವರೆಗೆ ಒಮ್ಮೆಲೇ ಬಿಸಿ ಏರಿ, ಬೆವತು, ಹಿಂದೆಯೇ ಚಳಿ ಹಿಡಿಯುತ್ತದೆ. ಮುಂದೆ ಟಾಮಾಕ್ಸಿಫೆನ್ ಅಥವಾ ಲೆಟ್ರೊಝೋಲ್ ಮಾತ್ರೆ ಶುರುವಾದರೆ ಇದು ಇನ್ನಷ್ಟು ಕಾಡಬಹುದು. ತೆಳ್ಳನೆಯ ಹತ್ತಿ ಸೀರೆಯೋ ನೈಟಿಯೋ, ಒಂದರ ಬದಲು ಎರಡು ತೆಳು ಹೊದಿಕೆ, ತಲೆದೆಸೆಯಲ್ಲಿ ಒಣ ಟವೆಲ್, ಒಂದು ಚೊಂಬು ನೀರು ಇಷ್ಟು ಇಡಿ. ಸಾಲದಿದ್ದರೆ ಇದಕ್ಕೂ ಔಷಧಿಗಳಿವೆ.

ಇಲ್ಲೊಂದು ಎಚ್ಚರಿಕೆ, ಈ ಉತ್ತರದಲ್ಲಿ ಇದೊಂದನ್ನು ನೆನಪಿಟ್ಟರೂ ಸಾಕು. ಕೀಮೋ ಆದ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ಆಗ ಬೆವರುವುದನ್ನೆಲ್ಲ ಮುಟ್ಟು ನಿಂತ ಬಿಸಿ ಎಂದುಕೊಳ್ಳಬೇಡಿ. ಥರ್ಮಾಮೀಟರ್ ಇಟ್ಟು ನೋಡಿ. ಜ್ವರ 100.4 ಡಿಗ್ರಿ ಮುಟ್ಟಿದರೆ ರಾತ್ರಿ ಎಷ್ಟು ಗಂಟೆಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಡೋಲೋ ಕೊಟ್ಟು ಬೆಳಗಿನವರೆಗೆ ಕಾಯಬೇಡಿ.

ಬೇರೆ ಮನೆಗಳಲ್ಲಿ ಕಾರಣ ಬೇರೆ ಇರುತ್ತದೆ. ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಹಾಕಿಸಿಕೊಂಡವರಿಗೆ ಸೊಂಟ, ಬೆನ್ನಿನ ಮೂಳೆಗಳಲ್ಲಿ ನೋವು ಬರುತ್ತದೆ. ಬಾಯಿ, ಗಂಟಲ ಕ್ಯಾನ್ಸರ್‌ಗೆ ರೇಡಿಯೇಶನ್ ಪಡೆದವರು ಗೊರಕೆ ಹೊಡೆಯುತ್ತ ಉಸಿರು ಕಟ್ಟಿ ಏಳಬಹುದು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಕೆಲವರನ್ನು ಕೂತಲ್ಲಿ ಕೂರಲು, ಮಲಗಿದಲ್ಲಿ ಮಲಗಲು ಬಿಡುವುದಿಲ್ಲ. ಕಾಲು ಚಡಪಡಿಸುತ್ತಲೇ ಇರುತ್ತದೆ. ದೇಹದಲ್ಲಿ ಕಬ್ಬಿಣ ಕಡಿಮೆಯಾದರೂ ರಾತ್ರಿ ಹೀಗೆ ಕಾಲು ಎಳೆಯುವುದುಂಟು. ನೋವಿನ ಮಾತ್ರೆಯನ್ನು ‘ತಡೆಯಲಾಗದಿದ್ದಾಗ’ ಮಾತ್ರ ತೆಗೆದುಕೊಳ್ಳುವವರು ಬೆಳಗಿನ ಮೂರಕ್ಕೆ ನೋವಿನಿಂದ ಏಳುತ್ತಾರೆ. ಅಂಥವರಿಗೆ ಗಡಿಯಾರ ನೋಡಿ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ.

ಈಗ ಹಗಲಿನ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್ಮನ್ 1987ರಲ್ಲಿ ನಿದ್ರಾಹೀನತೆಯ ಬಗ್ಗೆ ಒಂದು ಸರಳ ಸಂಗತಿ ಹೇಳಿದರು. ನಿದ್ದೆ ಕೆಡಿಸಿದ ಕಾರಣ ಒಂದು, ಅದನ್ನು ಕೆಟ್ಟೇ ಇರುವಂತೆ ಮಾಡುವ ಕಾರಣ ಇನ್ನೊಂದು. ಕಿಡಿ ಹಾಕಿದವರು ಯಾರೋ, ಸೌದೆ ಒಟ್ಟುವವರು ನಾವು. ನಿಮ್ಮ ಮನೆಯಲ್ಲಿ ಕಿಡಿ ಕೀಮೋದ್ದು. ಸೌದೆ, ತಪ್ಪು ತಿಳಿಯಬೇಡಿ, ನಿಮ್ಮ ಪ್ರೀತಿಯದು. ರಾತ್ರಿ ಮಲಗಿಲ್ಲ ಪಾಪ ಎಂದು ಬೆಳಿಗ್ಗೆ ಹತ್ತರವರೆಗೆ ಎಬ್ಬಿಸುವುದಿಲ್ಲ. ಕಿಟಕಿಗೆ ಪರದೆ ಎಳೆಯುತ್ತೀರಿ. ಮಧ್ಯಾಹ್ನ ಊಟ ಆದಮೇಲೆ ಮತ್ತೆ ಮಲಗಿಸುತ್ತೀರಿ. ಹಗಲಿಡೀ ಹೀಗೆ ಕಂತುಕಂತಾಗಿ ಖರ್ಚಾದ ನಿದ್ದೆ ರಾತ್ರಿಗೆ ಎಲ್ಲಿ ಉಳಿಯುತ್ತದೆ? ಕೀಮೋದ ಸುಸ್ತು ನಿಜವೇ. ಆದರೆ ಅದು ಗದ್ದೆ ಕೆಲಸದ ಸುಸ್ತಿನಂತೆ ಮಲಗಿದರೆ ತೀರುವಂಥದ್ದಲ್ಲ. ಸ್ವಲ್ಪ ಓಡಾಡಿದರೇ ಅದು ಕಡಿಮೆಯಾಗುವುದು.

ಆದ್ದರಿಂದ ಏಳುವ ಹೊತ್ತನ್ನು ಗಟ್ಟಿ ಮಾಡಿ. ರಾತ್ರಿ ಹೇಗೇ ಕಳೆದಿರಲಿ, ಆರೂವರೆ ಅಂದರೆ ಆರೂವರೆ. ಎದ್ದವರು ಬೆಳಕಿಗೆ ಬರಲಿ, ಆದಷ್ಟು ದೂರ ಅಂಗಳದಲ್ಲೋ ತೋಟದ ದಾರಿಯಲ್ಲೋ ನಡೆಯಲಿ. ಮಧ್ಯಾಹ್ನದ ನಿದ್ದೆ ಮೂರು ಗಂಟೆಯೊಳಗೆ, ಅರ್ಧ ಗಂಟೆ ಮೀರದಂತೆ. ಸಂಜೆ ಕಾಫಿಯ ಜಾಗಕ್ಕೆ ಕೊತ್ತಂಬರಿ-ಜೀರಿಗೆ ಕಷಾಯ ಬರಲಿ. ಐದು ಗಂಟೆಗೆ ಕುಡಿದ ಕಾಫಿಯ ಅರ್ಧ ಕೆಫೀನ್ ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ಹಾಸಿಗೆ ನಿದ್ದೆಗೆ ಮಾತ್ರ. ಇಪ್ಪತ್ತು ನಿಮಿಷ ಹೊರಳಾಡಿಯೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಲಿ. ಮಂದ ಬೆಳಕಿನಲ್ಲಿ ಹತ್ತಿಬತ್ತಿ ಹೊಸೆಯುವಂಥ ಕೆಲಸ ಸಾಕು. ಡಬ್ಬಿ ಒರೆಸುವ ಟ್ಯೂಬ್‌ಲೈಟು ಬೇಡ, ಮೊಬೈಲ್ ಬೇಡ, ಗಡಿಯಾರ ಕಣ್ಣಿಗೆ ಕಾಣುವುದೂ ಬೇಡ. ತೂಕಡಿಕೆ ಬಂದಾಗ ಮತ್ತೆ ಹಾಸಿಗೆಗೆ.

ಇವು ಅಜ್ಜಿ ಮದ್ದಿನಂತೆ ಕಂಡರೂ ನಿದ್ರಾಹೀನತೆಗೆ ಹೇಳುವ ವರ್ತನಾ ಚಿಕಿತ್ಸೆಯ ಪಾಠಗಳು. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಈ ಚಿಕಿತ್ಸೆಯನ್ನೇ ಕೊಡಬೇಕು ಎಂದು ಅಮೆರಿಕದ ವೈದ್ಯರ ಸಂಘಟನೆ ‘ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್’ 2016ರಲ್ಲಿ ಹೇಳಿತು. ಯೋಗಕ್ಕೂ ಆಧಾರವಿದೆ: ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 410 ಜನರ ಮೇಲೆ ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಲ್ಕು ವಾರ ಮೆಲುವಾದ ಆಸನ, ಪ್ರಾಣಾಯಾಮ, ಧ್ಯಾನ ಮಾಡಿದವರ ನಿದ್ದೆ ಉಳಿದವರದಕ್ಕಿಂತ ಸುಧಾರಿಸಿತ್ತು. ಆಪರೇಷನ್ ಆದ ಕಡೆಯ ತೋಳಿನ ಬಗ್ಗೆ ಡಾಕ್ಟರನ್ನು ಕೇಳಿಯೇ ಶುರುಮಾಡಿ.

ಮಾವ ಹೇಳಿದ ಮಾತ್ರೆ? ಡಾಕ್ಟರು ಕೆಲವು ದಿನಕ್ಕೆಂದು ಬರೆದುಕೊಟ್ಟರೆ ಹೆದರಬೇಕಿಲ್ಲ. ಅಂಗಡಿಯಿಂದ ಕೇಳಿ ತರುವುದು ಮಾತ್ರ ಬೇಡ. ಆಲ್ಪ್ರಝೋಲಾಮ್, ಝೋಲ್ಪಿಡೆಮ್‌ನಂಥವನ್ನು ಚೀಟಿಯಿಲ್ಲದೆ ಮಾರುವಂತೆಯೇ ಇಲ್ಲ. ಮಾರ್ಫಿನ್, ಟ್ರಮಡಾಲ್‌ನಂಥ ನೋವಿನ ಮಾತ್ರೆಯ ಜೊತೆ ಸೇರಿದರೆ ಅವು ಉಸಿರಾಟವನ್ನೇ ಮಂದಗೊಳಿಸಬಲ್ಲವು. ಆ ಮಂಪರಿನಲ್ಲಿ ಬಚ್ಚಲಿಗೆ ಎದ್ದು ಬಿದ್ದರೆ, ಪ್ಲೇಟ್‌ಲೆಟ್ ಕಡಿಮೆ ಇರುವ ಹೊತ್ತಿನಲ್ಲಿ, ಸಣ್ಣ ಪೆಟ್ಟೂ ದೊಡ್ಡ ರಕ್ತಸ್ರಾವವಾದೀತು. ಮುಂದೆ ಟಾಮಾಕ್ಸಿಫೆನ್ ಶುರುವಾದರೆ ಇನ್ನೊಂದು ನೆನಪಿಡಿ: ಖಿನ್ನತೆಗೆ ಕೊಡುವ ಪ್ಯಾರಾಕ್ಸಿಟಿನ್, ಫ್ಲೂಆಕ್ಸಿಟಿನ್ ಅದರ ಕೆಲಸಕ್ಕೆ ಅಡ್ಡಬರುತ್ತವೆ. ಅಶ್ವಗಂಧದ ಪುಡಿ ಕೊಡುತ್ತಿದ್ದರೂ ಡಾಕ್ಟರಿಗೆ ಹೇಳಿ.

ದೊಡ್ಡಮ್ಮನ ಮಾತನ್ನೂ ತಳ್ಳಿಹಾಕುತ್ತಿಲ್ಲ. ಚಿಂತೆ ಇದ್ದೇ ಇದೆ. ಹಗಲು ನೆಂಟರ ಮುಂದೆ ‘ಚೆನ್ನಾಗಿದ್ದೀನಿ’ ಎಂದವರಿಗೆ ಅದು ರಾತ್ರಿಯಲ್ಲಿ ಬರುತ್ತದೆ. ಅದಕ್ಕೆ ಹಗಲಲ್ಲೇ ಜಾಗ ಕೊಡಿ. ಸಂಜೆ ಕಷಾಯ ಹಿಡಿದು ಜೊತೆಗೆ ಕೂತು, ‘ಏನಮ್ಮ ಯೋಚನೆ?’ ಎಂದು ಕೇಳಿ. ‘ಏನೂ ಆಗಲ್ಲ ಬಿಡು’ ಎಂದು ಮಾತು ಮುಚ್ಚಬೇಡಿ. ಎರಡು ವಾರಕ್ಕೂ ಮೀರಿ ಯಾವುದೂ ಬೇಡವೆನಿಸಿದರೆ, ಅಳು ನಿಲ್ಲದಿದ್ದರೆ ಮನೋವೈದ್ಯರಿಗೆ ತೋರಿಸಿ. ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮುಂದಿನ ಕೀಮೋದೊಳಗೆ ಮಾಡಬೇಕಾದದ್ದು ಒಂದು ಕೆಲಸ. ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ದಿನಕ್ಕೊಂದು ಸಾಲು: ಕೀಮೋ ಆಗಿ ಎಷ್ಟನೇ ದಿನ, ಮಲಗಿದ್ದು, ಎದ್ದದ್ದು, ನಡುವೆ ಎಚ್ಚರವಾದದ್ದು ಏಕೆ (ನೋವೋ, ಬೆವರೋ, ಮೂತ್ರಕ್ಕೋ, ಸುಮ್ಮನೆಯೋ), ಡೆಕ್ಸಾ ತೆಗೆದುಕೊಂಡ ಹೊತ್ತು. ಹದಿನೈದು ಸಾಲು ತುಂಬಿದರೆ ಡಾಕ್ಟರು ಎರಡು ನಿಮಿಷದಲ್ಲಿ ನೋಡಿ ಹೇಳಬಲ್ಲರು. ‘ನಿದ್ದೆ ಬರಲ್ಲ’ ಎಂಬ ಎರಡು ಪದದಿಂದ ಅವರಿಗೆ ಅಷ್ಟು ತಿಳಿಯುವುದಿಲ್ಲ.

ಎರಡು ಗಂಟೆಗೆ ಅಡುಗೆಮನೆ ಲೈಟ್ ಕಂಡಿತು ಎಂದು ಬರೆದಿದ್ದೀರಿ. ಅಂದರೆ ಆ ಹೊತ್ತಿಗೆ ನೀವೂ ಎಚ್ಚರವಿದ್ದಿರಿ. ಸರದಿ ಹಾಕಿಕೊಳ್ಳಿ, ಅಕ್ಕನೋ ತಮ್ಮನೋ ಇದ್ದರೆ ಒಂದು ರಾತ್ರಿ ಅವರ ಪಾಲಿಗೆ ಬಿಡಿ. ಆ ನೋಟ್‌ಬುಕ್ಕಿನಲ್ಲಿ ಅಮ್ಮನ ಸಾಲಿನ ಕೆಳಗೆ ನೀವು ಎಷ್ಟು ಗಂಟೆ ಮಲಗಿದಿರಿ ಎಂಬುದನ್ನೂ ಬರೆಯಿರಿ.