ಲಿನಕ್ಸ್ ಗಣಕಗಳಲ್ಲಿ ಕಚೇರಿ ತಂತ್ರಾಂಶದ ಪರೀಕ್ಷಾ ಆವೃತ್ತಿ: ಹಳೆಯದನ್ನು ಕೆಡಿಸದೆ ಅಳವಡಿಸುವ ಕ್ರಮ

ಗ್ರಾಮಸಭೆಯ ನಡಾವಳಿ, ಫಲಾನುಭವಿಗಳ ಪಟ್ಟಿ, ತೆರಿಗೆ ಬೇಡಿಕೆಯ ತಃಖ್ತೆ ಮುಂತಾದ ದಾಖಲೆಗಳಲ್ಲಿ ಒಂದು ಒತ್ತಕ್ಷರ ಸ್ಥಾನ ತಪ್ಪಿದರೂ ವ್ಯಕ್ತಿಯ ಹೆಸರು ಬೇರೊಂದಾಗುತ್ತದೆ. ಆದುದರಿಂದ ಹೊಸ ತಂತ್ರಾಂಶವನ್ನು ದೈನಂದಿನ ಬಳಕೆಗೆ ತರುವ ಮುನ್ನ ಪರೀಕ್ಷಿಸುವುದು ವಿಹಿತ. ಆದರೆ ಪರೀಕ್ಷೆಯಿಂದ ಚಾಲ್ತಿಯಲ್ಲಿರುವ ಕೆಲಸಕ್ಕೆ ಧಕ್ಕೆಯಾಗಬಾರದು.

ಹಿನ್ನೆಲೆ: ಲಿಬ್ರೆ ಆಫೀಸ್ 2010ರ ಸೆಪ್ಟೆಂಬರ್‌ನಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದ ಮುಕ್ತ ತಂತ್ರಾಂಶ. ಇದರ ಪ್ರಮುಖ ಆವೃತ್ತಿಗಳು ವರ್ಷಕ್ಕೆ ಎರಡು ಬಾರಿ ಹೊರಬರುತ್ತವೆ. 2024ರಿಂದ ಆವೃತ್ತಿಯ ಸಂಖ್ಯೆಯು ವರ್ಷ ಮತ್ತು ತಿಂಗಳನ್ನು ಸೂಚಿಸುತ್ತದೆ; 24.2 ಮತ್ತು 24.8 ಇದಕ್ಕೆ ನಿದರ್ಶನ. ಅಂತಿಮ ಬಿಡುಗಡೆಗೆ ಮೊದಲು ಬೀಟಾ ಹಾಗೂ ಬಿಡುಗಡೆ ಅಭ್ಯರ್ಥಿ ಎಂಬ ಪರೀಕ್ಷಾ ರೂಪಗಳು ದೊರೆಯುತ್ತವೆ.

ಅಪಾಯದ ಮೂಲ: ಬಳಕೆದಾರರ ಸ್ವಂತ ಪದಪಟ್ಟಿ, ನಮೂನೆಗಳು, ಮ್ಯಾಕ್ರೋಗಳು ಮತ್ತು ಆಯ್ಕೆಗಳು ಪ್ರೊಫೈಲ್ ಎಂಬ ಕೋಶದಲ್ಲಿರುತ್ತವೆ. ಬೀಟಾ ರೂಪವು ಲಿಬ್ರೆ ಆಫೀಸ್ ಡೆವ್ ಎಂಬ ಹೆಸರಿನಲ್ಲಿ ಪ್ರತ್ಯೇಕ ಪ್ರೊಫೈಲನ್ನು ಬಳಸುತ್ತದೆ. ಬಿಡುಗಡೆ ಅಭ್ಯರ್ಥಿಯಾದರೋ ಸ್ಥಿರ ಆವೃತ್ತಿಯ ಪ್ರೊಫೈಲನ್ನೇ ಬಳಸುತ್ತದೆ. ಹೊಸದು ಬದಲಿಸಿದ ಆಯ್ಕೆಗಳು ಹಳೆಯದಕ್ಕೆ ತೊಡಕಾಗುವ ಸಂಭವ ಇಲ್ಲಿಂದಲೇ ಹುಟ್ಟುತ್ತದೆ.

ಅಳವಡಿಕೆಯ ಹಂತಗಳು (ಡೆಬಿಯನ್ ಮತ್ತು ಉಬುಂಟು):

1. ಪ್ರೊಫೈಲ್ ಕೋಶ ಹಾಗೂ ಚಾಲ್ತಿ ದಾಖಲೆಗಳ ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ಇರಿಸುವುದು.
2. ದಿ ಡಾಕ್ಯುಮೆಂಟ್ ಫೌಂಡೇಶನ್‌ನ ಅಧಿಕೃತ ತಾಣದಿಂದ ಡೆಬ್ ಕಂತೆಯನ್ನು ಪಡೆದು ಬಿಚ್ಚುವುದು.
3. ಕಂತೆಯೊಳಗಿನ ಪ್ರತಿಯೊಂದು ಡೆಬ್ ಕಡತವನ್ನೂ ವ್ಯವಸ್ಥೆಯಲ್ಲಿ ಸ್ಥಾಪಿಸದೆ, ಡಿಪಿಕೆಜಿ ಆದೇಶದ ‘ಹೈಫನ್ ಎಕ್ಸ್’ ಆಯ್ಕೆಯಿಂದ ಮನೆಕೋಶದೊಳಗಿನ ‘ಪರೀಕ್ಷೆ’ ಎಂಬ ಕೋಶಕ್ಕೆ ಬಿಡಿಸುವುದು. ಇದಕ್ಕೆ ಆಡಳಿತಗಾರರ ಗುಪ್ತಪದ ಬೇಕಿಲ್ಲ.
4. ಪ್ರೋಗ್ರಾಂ ಕೋಶದಲ್ಲಿರುವ ಬೂಟ್‌ಸ್ಟ್ರಾಪ್‌ಆರ್‌ಸಿ ಕಡತದಲ್ಲಿ ಯೂಸರ್ ಇನ್‌ಸ್ಟಲೇಶನ್ ಎಂಬ ಸಾಲನ್ನು ‘ಪರೀಕ್ಷೆ’ ಕೋಶದೊಳಗಿನ ಹೊಸ ಪ್ರೊಫೈಲ್ ಸ್ಥಾನಕ್ಕೆ ಬದಲಿಸುವುದು. ಈ ಹಂತ ಮುಗಿಯುವವರೆಗೆ ಪರೀಕ್ಷಾ ಆವೃತ್ತಿಯನ್ನು ತೆರೆಯಬಾರದು.
5. ಅದೇ ಪ್ರೋಗ್ರಾಂ ಕೋಶದ ಎಸ್‌ಆಫೀಸ್ ಕಡತದಿಂದಲೇ ಅದನ್ನು ಚಾಲನೆಗೊಳಿಸುವುದು. ಕಡತದ ಮೇಲೆ ಎರಡು ಬಾರಿ ಒತ್ತಿದಾಗ ಎಂದಿನಂತೆ ಹಳೆಯ ಆವೃತ್ತಿಯೇ ತೆರೆಯುತ್ತದೆ.

ಪರೀಕ್ಷೆಯ ವಿಧಾನ: ನಮ್ಮ ತಾಲ್ಲೂಕುಗಳ ಹೆಸರುಗಳೇ ಉತ್ತಮ ಒರೆಗಲ್ಲು. ಚಿತ್ರದುರ್ಗ, ಹೊಸದುರ್ಗ ಎಂಬಲ್ಲಿ ಅರ್ಕಾವತ್ತು, ಹೊಳಲ್ಕೆರೆಯಲ್ಲಿ ಒತ್ತಕ್ಷರ, ಹಿರಿಯೂರಿನಲ್ಲಿ ದೀರ್ಘಸ್ವರ ಚಿಹ್ನೆ ಇವೆ. ಇವುಗಳೊಡನೆ ‘ರಾಷ್ಟ್ರೀಯ’, ‘ಲಕ್ಷ್ಮೀ’ ಪದಗಳನ್ನೂ ಯೂನಿಕೋಡ್ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಿಸಿ ಪರದೆ, ಮುದ್ರಿತ ಪ್ರತಿ, ಪಿಡಿಎಫ್ ಮೂರರಲ್ಲೂ ಹೋಲಿಸಬೇಕು. ಪಿಡಿಎಫ್‌ನಲ್ಲಿ ‘ಹೊಳಲ್ಕೆರೆ’ ಎಂದು ಹುಡುಕಿದಾಗ ಪದವು ಸಿಗುವುದೇ ಎಂಬುದನ್ನೂ ನೋಡಬೇಕು. ಕಣ್ಣಿಗೆ ಸರಿ ಕಂಡದ್ದು ಹುಡುಕಾಟಕ್ಕೆ ಸಿಗದೇ ಹೋಗುವುದುಂಟು. ತಃಖ್ತೆಯಲ್ಲಿ ಹೆಸರುಗಳ ಅಕಾರಾದಿ ಜೋಡಣೆ ಮತ್ತು ಮೊತ್ತಗಳನ್ನು ಎರಡೂ ಆವೃತ್ತಿಗಳಲ್ಲಿ ತಾಳೆ ನೋಡುವುದು. ಬಳಿಕ ಹೊಸದರಲ್ಲಿ ಉಳಿಸಿದ ಪ್ರತಿಯನ್ನು ಹಳೆಯದರಲ್ಲಿ ತೆರೆದು, ಶೈಲಿ, ಕೋಷ್ಟಕ ಮತ್ತು ಪುಟ ವಿಂಗಡಣೆ ಹಾಗೆಯೇ ಉಳಿದಿವೆಯೇ ಎಂದು ಪರಿಶೀಲಿಸಬೇಕು.

ಎಚ್ಚರಿಕೆ: ಪರೀಕ್ಷೆಗೆ ಮೂಲ ಕಡತವನ್ನು ಎಂದಿಗೂ ಬಳಸಬಾರದು; ಪ್ರತಿಯನ್ನು ಮಾತ್ರ ಬಳಸತಕ್ಕದ್ದು. ಸಹಿ ಬೀಳುವ ಯಾವುದೇ ದಾಖಲೆಯನ್ನು ಪರೀಕ್ಷಾ ಆವೃತ್ತಿಯಲ್ಲಿ ಸಿದ್ಧಪಡಿಸಬಾರದು. ದೋಷ ಕಂಡಲ್ಲಿ ಆವೃತ್ತಿ ಸಂಖ್ಯೆ, ಅಕ್ಷರವಿನ್ಯಾಸದ ಹೆಸರು ಹಾಗೂ ಖಾಸಗಿ ವಿವರಗಳಿಲ್ಲದ ಮಾದರಿ ಕಡತವನ್ನು ಸೇರಿಸಿ ಫೌಂಡೇಶನ್‌ನ ದೋಷ ವರದಿ ವ್ಯವಸ್ಥೆಗೆ ಸಲ್ಲಿಸಬಹುದು. ಕನ್ನಡದ ದೋಷವನ್ನು ಕನ್ನಡ ಬಳಸುವವರೇ ತಿಳಿಸದಿದ್ದರೆ ಅದು ಮುಂದಿನ ಆವೃತ್ತಿಗೂ ಹಾಗೆಯೇ ಸಾಗುತ್ತದೆ.

ಪರೀಕ್ಷೆ ಮುಗಿದ ಮೇಲೆ ‘ಪರೀಕ್ಷೆ’ ಕೋಶವನ್ನು ಅಳಿಸಿದರೆ ಸಾಕು; ಹಳೆಯ ತಂತ್ರಾಂಶವೂ ಅದರ ಪದಪಟ್ಟಿಯೂ ಮೊದಲಿದ್ದಂತೆಯೇ ಉಳಿಯುತ್ತವೆ.