ಗೋಧಿ ಬಿಟ್ಟ ಮನೆಯ ದಿನದಡುಗೆ

ಗ್ಲುಟೆನ್ ಎಂಬ ಪ್ರೋಟೀನ್ ಇರುವುದು ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ. ಹಾಗಾಗಿ ಅದು ಒಗ್ಗದವರು ಚಪಾತಿ, ಗೋಧಿ ರವೆಯ ಉಪ್ಪಿಟ್ಟು, ರವೆ ಇಡ್ಲಿ ಬಿಡಬೇಕು; ರಾಗಿ ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ನವಣೆ ಅನ್ನಕ್ಕೆ ಅಡ್ಡಿಯಿಲ್ಲ. ದುಬಾರಿ ಬ್ರೆಡ್ಡು ಹುಡುಕುವ ಮೊದಲು ಮನೆಯ ಡಬ್ಬಿಗಳನ್ನೇ ತೆರೆದು ನೋಡುವುದು ಒಳ್ಳೆಯದು.

ಎಚ್ಚರ ಬೇಕಾದದ್ದು ಬೇರೆ ಕಡೆ. ಅಂಗಡಿಯ ಇಂಗಿನಲ್ಲಿ ಅನೇಕ ವೇಳೆ ಮೈದಾ ಬೆರೆತಿರುತ್ತದೆ. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿಸಿದರೆ ಆ ಹಿಟ್ಟಿಗೂ ಗೋಧಿ ಸೇರುತ್ತದೆ. ಸೀಲಿಯಾಕ್ ಕಾಯಿಲೆ ಇದ್ದವರಿಗೆ ಇಷ್ಟು ಸಾಕು, ತೊಂದರೆಯಾಗಲು. ಭಾರತದ ನಿಯಮದಂತೆ ಗ್ಲುಟೆನ್‌ರಹಿತ ಎಂದು ಮಾರುವ ಆಹಾರದ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು.

ಪೇಲಿಯೋ ಎಂಬ ಆಹಾರಕ್ರಮ ಇನ್ನೂ ಬಿಗಿ: ಧಾನ್ಯ, ಬೇಳೆ, ಹಾಲು, ಸಕ್ಕರೆ ಯಾವುದೂ ಇಲ್ಲ. ಆದರೂ ಕರಾವಳಿಯ ಬಂಗುಡೆ ಸಾರು ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಹುಣಸೆ, ತೆಂಗಿನಕಾಯಿ ಸೇರಿಸಿ ಭಾನುವಾರವೇ ಅರೆದು ಫ್ರೀಜರಿನಲ್ಲಿಟ್ಟರೆ, ವಾರದ ನಡುವೆ ಮೀನು ಹಾಕಿ ಕುದಿಸುವ ಕೆಲಸವಷ್ಟೇ. ಪಕ್ಕಕ್ಕೆ ಕುಕ್ಕರಿನಲ್ಲಿ ಬೆಂದ ಗೆಣಸು, ತೆಂಗಿನತುರಿಯ ಬೀನ್ಸ್ ಪಲ್ಯ. ಬೆಳಗಿಗೆ ಈರುಳ್ಳಿ, ಟೊಮೆಟೊ ಹಾಕಿದ ಮೊಟ್ಟೆ ಬುರ್ಜಿ.

ಬೆಳೆಯುವ ಮಕ್ಕಳಿಗೆ ಮಾತ್ರ ಬೇಳೆ, ಹಾಲನ್ನು ಕಾರಣವಿಲ್ಲದೆ ತಪ್ಪಿಸುವುದು ಸರಿಯಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ. ಅವರ ತಟ್ಟೆಯಲ್ಲಿ ಮುದ್ದೆ ಇರಲಿ.

ಗೋಧಿ ತಿಂದಾಗ ಹೊಟ್ಟೆ ಕೆಡುತ್ತದೆ ಎಂಬ ಅನುಮಾನವಿದ್ದರೆ, ಬಿಡುವ ಮೊದಲೇ ವೈದ್ಯರ ಬಳಿ ಸೀಲಿಯಾಕ್ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು.